ಗಡಿಯಾರದ ಮುಳ್ಳು ಸರ್ಕಾರದ ಕೈಯಲ್ಲಿ

2023ರ ಮಾರ್ಚ್ ಕೊನೆಯ ವಾರ ಲೆಬನಾನಿನಲ್ಲಿ ಒಂದೇ ಬೀದಿಯ ಎರಡು ಗಡಿಯಾರಗಳು ಬೇರೆ ಬೇರೆ ಸಮಯ ತೋರಿಸುತ್ತಿದ್ದವು. ಯಾವುದೂ ಕೆಟ್ಟಿರಲಿಲ್ಲ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಬೇಸಿಗೆ ಸಮಯಕ್ಕೆಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದು ಅಲ್ಲಿನ ರೂಢಿ. ಆ ವರ್ಷ ಅಷ್ಟರಲ್ಲಿ ರಂಜಾನ್ ಉಪವಾಸ ಶುರುವಾಗಿತ್ತು. ಉಪವಾಸ ಮುಗಿಯುವವರೆಗೆ ಗಡಿಯಾರ ಮುಟ್ಟುವುದು ಬೇಡ ಎಂದು ಉಸ್ತುವಾರಿ ಪ್ರಧಾನಿ ನಜೀಬ್ ಮಿಕಾತಿ ಅವರ ಸರ್ಕಾರ ಇನ್ನೇನು ಮೂರು ದಿನವಿದೆ ಎನ್ನುವಾಗ ಪ್ರಕಟಿಸಿತು. ಮಾರೊನೈಟ್ ಚರ್ಚು ಒಪ್ಪಲಿಲ್ಲ, ಕೆಲವು ಟಿವಿ ವಾಹಿನಿಗಳೂ ಒಪ್ಪಲಿಲ್ಲ. ಭಾನುವಾರ ಬಂದಾಗ ಅವರು ಪದ್ಧತಿಯಂತೆ ಮುಳ್ಳು ತಿರುಗಿಸಿಯೇಬಿಟ್ಟರು. ದೇಶ ಎರಡು ಹೊತ್ತುಗಳಾಗಿ ಒಡೆಯಿತು. ಸೋಮವಾರ ಸಂಪುಟ ಮಣಿಯಿತು; ಅದೇ ವಾರ ಎಲ್ಲರ ಗಡಿಯಾರವೂ ಮುಂದಕ್ಕೆ ಹೋಯಿತು.

ಈ ರಗಳೆಯ ಗುರುತು ಇನ್ನೊಂದು ಕಡೆಯೂ ಉಳಿದಿದೆ. ಯಾವ ದೇಶದಲ್ಲಿ ಯಾವ ದಿನ ಗಡಿಯಾರ ಎಷ್ಟು ಸರಿಯುತ್ತದೆ ಎಂಬುದನ್ನು ಜಗತ್ತಿನ ಬಹುಪಾಲು ಸರ್ವರುಗಳು, ಫೋನುಗಳು ತಿಳಿದುಕೊಳ್ಳುವುದು ಟೈಮ್ ಝೋನ್ ಡೇಟಾಬೇಸ್ ಎಂಬ ಒಂದು ಪುಟ್ಟ ಕಡತಗುಚ್ಛದಿಂದ. ಆರ್ಥರ್ ಡೇವಿಡ್ ಓಲ್ಸನ್ ಎಂಬವರು ಆರಂಭಿಸಿದ ಇದನ್ನು ಈಗ ಪಾಲ್ ಎಗರ್ಟ್ ಮತ್ತು ಸ್ವಯಂಸೇವಕರ ಒಂದು ಬಳಗ ನೋಡಿಕೊಳ್ಳುತ್ತಿದೆ. ಲೆಬನಾನಿನ ಮುಂದೂಡಿಕೆಯನ್ನು ಸೇರಿಸಿ 2023ಬಿ ಎಂಬ ಆವೃತ್ತಿ ಹೊರಬಂತು. ಐದು ದಿನಕ್ಕೆ 2023ಸಿ ಬಂತು. ಅದರಲ್ಲಿ ಹೊಸದೇನೂ ಇರಲಿಲ್ಲ, 2023ಬಿಯಲ್ಲಿ ಮಾಡಿದ್ದನ್ನೆಲ್ಲ ಅಳಿಸಿದ್ದೇ ಅದರ ಕೆಲಸ.

ಎಲ್ಲ ಸಮಯವನ್ನೂ ಯುಟಿಸಿಗೆ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯಕ್ಕೆ, ತಿರುಗಿಸಿ ಡೇಟಾಬೇಸಿಗೆ ಹಾಕಿಬಿಡು, ತೋರಿಸುವಾಗ ಊರಿನ ಸಮಯಕ್ಕೆ ತಿರುಗಿಸಿಕೋ ಎನ್ನುವುದು ನಮ್ಮ ಸಾಫ್ಟ್‌ವೇರ್ ಕಚೇರಿಗಳಲ್ಲಿ ಹೊಸಬರಿಗೆ ಮೊದಲ ವಾರವೇ ಸಿಗುವ ಬುದ್ಧಿವಾದ. ಇದು ಅರ್ಧ ಮಾತ್ರ ನಿಜ ಎಂಬುದು ನನ್ನ ವಾದ. ಆಗಿಹೋದ ಘಟನೆಗೆ ಇದು ಸರಿ. ಮುಂದೆ ಆಗಬೇಕಾದ ಕೆಲಸಕ್ಕೆ, ಅದರಲ್ಲೂ ಮನುಷ್ಯರು ಮಾತು ಕೊಟ್ಟು ನಿಗದಿ ಮಾಡಿಕೊಂಡ ಹೊತ್ತಿಗೆ, ಇದು ತಪ್ಪು. ಬರೀ ತಾರೀಕಿಗಂತೂ ಇದರ ಗೊಡವೆಯೇ ಬೇಡ.

ಸರಿಯಾದ ಅರ್ಧವನ್ನು ಮೊದಲು ಒಪ್ಪಿಕೊಳ್ಳೋಣ. 2025ರ ನವೆಂಬರ್ 2ರ ಬೆಳಗಿನ ಜಾವ ನ್ಯೂಯಾರ್ಕಿನಲ್ಲಿ ಗಡಿಯಾರ ಎರಡು ಗಂಟೆ ಮುಟ್ಟುತ್ತಲೇ ಮತ್ತೆ ಒಂದಕ್ಕೆ ಇಳಿಯಿತು. ಹಾಗಾಗಿ ಅಂದು ಒಂದೂವರೆ ಗಂಟೆ ಎರಡು ಸಲ ಬಂತು. ಹಿಂದಿನ ರಾತ್ರಿ ಹನ್ನೊಂದಕ್ಕೆ ಪಾಳಿಗೆ ಬಂದು ಬೆಳಿಗ್ಗೆ ಏಳಕ್ಕೆ ಹೊರಟ ನರ್ಸ್ ಒಬ್ಬರು ಇದ್ದರೆನ್ನಿ. ಗೋಡೆಯ ಗಡಿಯಾರ ಹಿಡಿದು ಕಳೆದರೆ ಎಂಟು ಗಂಟೆ. ಅವರು ನಿಂತು ದುಡಿದದ್ದು ಒಂಬತ್ತು. ಅದೇ ವರ್ಷದ ಮಾರ್ಚ್ 9ರ ಬೆಳಗಿನ ಜಾವ ಇದು ತಿರುವುಮುರುವು: ಎರಡು ಗಂಟೆ ಎನ್ನುವಾಗ ಗಡಿಯಾರ ಮೂರಕ್ಕೆ ಜಿಗಿಯಿತು, ಎರಡೂವರೆ ಎಂಬ ಹೊತ್ತೇ ಅಂದು ಇರಲಿಲ್ಲ, ಅದೇ ಪಾಳಿ ಏಳೇ ಗಂಟೆಯದಾಯಿತು. ಸಂಬಳದ ಲೆಕ್ಕ ಊರಿನ ಗಡಿಯಾರದ ಮೇಲೆ ನಿಂತಿದ್ದರೆ ನವೆಂಬರಿನಲ್ಲಿ ಕೆಲಸಗಾರರಿಗೆ ಮೋಸ, ಮಾರ್ಚಿನಲ್ಲಿ ಆಸ್ಪತ್ರೆಗೆ ನಷ್ಟ. ಔಷಧ ಕೊಟ್ಟ ದಾಖಲೆ ಇನ್ನೂ ಅಪಾಯದ್ದು. ಒಂದು ಐವತ್ತಕ್ಕೆ ಕೊಟ್ಟ ಚುಚ್ಚುಮದ್ದು ಮೊದಲನೆಯದು, ಒಂದು ಹತ್ತಕ್ಕೆ ಕೊಟ್ಟದ್ದು ಎರಡನೆಯದು ಎಂದಿದ್ದರೂ ಡೇಟಾಬೇಸು ಅವನ್ನು ಹಿಂದುಮುಂದಾಗಿ ಜೋಡಿಸುತ್ತದೆ. ಯುಟಿಸಿಯಲ್ಲಿ ಬರೆದಿದ್ದರೆ ಈ ಯಾವ ಗೊಂದಲವೂ ಇಲ್ಲ: ಪಾಳಿ ಹತ್ತಿದ್ದು 3:00ಕ್ಕೆ, ಇಳಿದದ್ದು 12:00ಕ್ಕೆ, ವ್ಯತ್ಯಾಸ ಒಂಬತ್ತು. ನಡೆದುಹೋದ ಕ್ಷಣವನ್ನು ಯಾವ ಸಂಸತ್ತೂ ಬದಲಾಯಿಸಲಾರದು. ಅದಕ್ಕೆ ಅಲುಗಾಡದ ಅಳತೆಗೋಲೇ ಬೇಕು.

ಇದೇ ಮದ್ದನ್ನು ತಾರೀಕಿಗೆ ಹಚ್ಚಿದಾಗ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಭಾರತದಲ್ಲಿ ನಾಲ್ಕು ದಿನ ಕೋಡ್ ಬರೆದವರಿಗೆ 18:30 ಎಂಬ ಸಂಖ್ಯೆ ಮುಖಪರಿಚಯದ ಮನುಷ್ಯನಿದ್ದಂತೆ. ಫಾರಂನಲ್ಲಿ ಒಬ್ಬರು ಹುಟ್ಟಿದ ದಿನ 1990ರ ಆಗಸ್ಟ್ 15 ಎಂದು ಆರಿಸುತ್ತಾರೆ. ಪರದೆಯ ಹಿಂದಿನ ಪ್ರೋಗ್ರಾಂ ಅದಕ್ಕೆ ಕೇಳದೆಯೇ ನಡುರಾತ್ರಿ ಹನ್ನೆರಡು ಗಂಟೆಯನ್ನು ಅಂಟಿಸುತ್ತದೆ, ಅದರಿಂದ ಐದೂವರೆ ಗಂಟೆ ಕಳೆಯುತ್ತದೆ, 1990ರ ಆಗಸ್ಟ್ 14, 18:30 ಎಂದು ಡೇಟಾಬೇಸಿಗೆ ಇಳಿಸುತ್ತದೆ. ಮುಂದೆ ಯಾವುದೋ ವರದಿ ಆ ಕಾಲಂನಿಂದ ತಾರೀಕನ್ನಷ್ಟೇ ಎತ್ತಿಕೊಂಡರೆ ಅವರು ಒಂದು ದಿನ ಮೊದಲೇ ಹುಟ್ಟಿಬಿಟ್ಟಿರುತ್ತಾರೆ. ಆಧಾರ್‌ನಲ್ಲಿ ಒಂದು ತಾರೀಕು, ವಿಮೆ ಪಾಲಿಸಿಯಲ್ಲಿ ಅದರ ಹಿಂದಿನದು. ಇದನ್ನು ಸರಿಪಡಿಸಲು ಕೌಂಟರಿನಿಂದ ಕೌಂಟರಿಗೆ ಅಲೆಯುವವರಿಗೆ ಕಾರಣ ಹೇಳುವವರೂ ಇರುವುದಿಲ್ಲ.

ಇದಕ್ಕೆ ನಮ್ಮವರ ಸಿದ್ಧೌಷಧ ಓದುವಾಗ 330 ನಿಮಿಷ ಕೂಡಿಸಿಕೊಳ್ಳುವುದು. ಸೆಕೆಂಡಿನಲ್ಲಿ ಯೋಚಿಸುವವರು 19800 ಎಂದು ಬರೆದಿರುತ್ತಾರೆ. ಈ ಎರಡು ಅಂಕಿಗಳನ್ನು ಯಾವುದೇ ಹಳೆಯ ಪ್ರಾಜೆಕ್ಟಿನ ಕೋಡಿನಲ್ಲಿ ಹುಡುಕಿ ನೋಡಿ, ಸಿಗದಿದ್ದರೆ ಆಶ್ಚರ್ಯ. ಭಾರತದ ಗಡಿಯಾರ ಎಂದೆಂದೂ ಐದೂವರೆ ಗಂಟೆ ಮುಂದಿತ್ತು ಎಂಬ ನಂಬಿಕೆ ಇದರ ಬೆನ್ನಿಗಿದೆ. ಅದು ಸುಳ್ಳು. ಎರಡನೇ ಮಹಾಯುದ್ಧದ ವೇಳೆ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ ಮಧ್ಯದವರೆಗೆ ನಮ್ಮ ಗಡಿಯಾರವೂ ಒಂದು ಗಂಟೆ ಮುಂದೆ ಓಡುತ್ತಿತ್ತು, ಅಂದರೆ ಯುಟಿಸಿಗಿಂತ ಆರೂವರೆ ಗಂಟೆ. ಟೈಮ್ ಝೋನ್ ಡೇಟಾಬೇಸಿಗೆ ಇದು ಗೊತ್ತು. 1943ರ ಮೇ 10ರಂದು ಹುಟ್ಟಿದ ಪಿಂಚಣಿದಾರರೊಬ್ಬರ ತಾರೀಕನ್ನು ಒಂದು ಪ್ರೋಗ್ರಾಂ ಆ ನಿಯಮದಂತೆ ತಿರುಗಿಸಿ ಮೇ 9, 17:30 ಎಂದು ಬರೆಯುತ್ತದೆ. ಇನ್ನೊಂದು ಪ್ರೋಗ್ರಾಂ ಕಣ್ಣುಮುಚ್ಚಿ 330 ಕೂಡಿಸಿ ಮೇ 9ರ ರಾತ್ರಿ ಹನ್ನೊಂದು ಎಂದು ಓದುತ್ತದೆ. ಮತ್ತೆ ಒಂದು ದಿನ ಮಾಯ. ಬ್ರೆಜಿಲಿನ ಕಥೆ ಇದಕ್ಕಿಂತ ವಿಚಿತ್ರ. 2019ರಲ್ಲಿ ಕೈಬಿಡುವವರೆಗೂ ಅಲ್ಲಿ ಬೇಸಿಗೆ ಸಮಯ ಶುರುವಾಗುತ್ತಿದ್ದದ್ದು ನಡುರಾತ್ರಿಗೇ. ಸಾವೊ ಪಾಲೊದಲ್ಲಿ 2018ರ ನವೆಂಬರ್ 4ಕ್ಕೆ ಹನ್ನೆರಡು ಗಂಟೆ ಎಂಬುದೇ ಇಲ್ಲ, ದಿನ ಹುಟ್ಟಿದ್ದು ಒಂದು ಗಂಟೆಗೆ. ತಾರೀಕಿಗೆ ನಡುರಾತ್ರಿ ಅಂಟಿಸುವ ಪ್ರೋಗ್ರಾಂ ಅಲ್ಲಿ ಇಲ್ಲದ ಹೊತ್ತನ್ನು ಹುಡುಕುತ್ತದೆ. ಹುಟ್ಟಿದ ದಿನ, ಮದುವೆಯ ದಿನ, ಕಂತು ಕಟ್ಟಬೇಕಾದ ದಿನ ಇವೆಲ್ಲ ತಾರೀಕುಗಳು, ಕ್ಷಣಗಳಲ್ಲ. ಬಹುತೇಕ ಡೇಟಾಬೇಸುಗಳಲ್ಲಿ ಬರೀ ತಾರೀಕಿಗೆಂದೇ ಒಂದು ಜಾತಿಯ ಕಾಲಂ ಇದೆ. ಅದನ್ನು ಬಳಸಲು ಇಷ್ಟೊಂದು ಹಿಂಜರಿಕೆ ಯಾಕೋ ನನಗೆ ತಿಳಿದಿಲ್ಲ.

ಕ್ಷಣವನ್ನು ಯುಟಿಸಿಯಲ್ಲೇ ಸರಿಯಾಗಿ ಬರೆದಿಟ್ಟವರೂ ಲೆಕ್ಕ ಒಟ್ಟುಮಾಡುವಾಗ ಎಡವುತ್ತಾರೆ. ಏಪ್ರಿಲ್ 1ರ ಬೆಳಗಿನ ಜಾವ ಎರಡು ಗಂಟೆಗೆ ಬೆಂಗಳೂರಿನಲ್ಲಿ ನಡೆದ ಪಾವತಿ ಯುಟಿಸಿಯಲ್ಲಿ ಮಾರ್ಚ್ 31ರ 20:30. ಯುಟಿಸಿ ದಿನವನ್ನೇ ಹಿಡಿದು ವರದಿ ತೆಗೆದರೆ ಅದು ಮುಗಿದುಹೋದ ಹಣಕಾಸು ವರ್ಷಕ್ಕೆ ಸೇರುತ್ತದೆ. ವ್ಯಾಪಾರಿಯ ದಿನ ಬೆಳಗಿನ ಐದೂವರೆಗೆ ಶುರುವಾಗುವುದಿಲ್ಲ, ತೆರಿಗೆ ಇಲಾಖೆಯದಂತೂ ಅಲ್ಲ.

ಈಗ ಮುಖ್ಯ ತಕರಾರಿಗೆ ಬರುತ್ತೇನೆ. ಮೆಕ್ಸಿಕೋ ಸಿಟಿಯಲ್ಲಿ ಒಬ್ಬರು 2022ರ ಜೂನ್‌ನಲ್ಲಿ ಮುಂದಿನ ವರ್ಷದ ಮೇ 15ರ ಬೆಳಿಗ್ಗೆ ಹತ್ತಕ್ಕೆ ವೈದ್ಯರ ಭೇಟಿ ನಿಗದಿ ಮಾಡಿಕೊಂಡರು ಎಂದಿಟ್ಟುಕೊಳ್ಳಿ. ಆಗಿನ ನಿಯಮದಂತೆ ಮೇ ತಿಂಗಳಲ್ಲಿ ಅಲ್ಲಿ ಬೇಸಿಗೆ ಸಮಯ, ಯುಟಿಸಿಗಿಂತ ಐದು ಗಂಟೆ ಹಿಂದೆ. ಬುದ್ಧಿವಾದ ಪಾಲಿಸುವ ಪ್ರೋಗ್ರಾಂ ಹತ್ತು ಗಂಟೆಯನ್ನು 15:00 ಯುಟಿಸಿ ಎಂದು ಬರೆದು ‘ಹತ್ತು’ ಎಂಬ ಅಂಕಿಯನ್ನೂ ‘ಮೆಕ್ಸಿಕೋ ಸಿಟಿ’ ಎಂಬ ಹೆಸರನ್ನೂ ಎಸೆಯುತ್ತದೆ. ಅಕ್ಟೋಬರ್ ಕೊನೆಯಲ್ಲಿ ಮೆಕ್ಸಿಕೋ ಬೇಸಿಗೆ ಸಮಯವನ್ನೇ ರದ್ದು ಮಾಡಿತು. ಇನ್ನು ವರ್ಷವಿಡೀ ಆರು ಗಂಟೆ ಹಿಂದೆ. ಮೇ 15 ಬಂದಾಗ 15:00 ಯುಟಿಸಿ ಎಂದರೆ ಊರಿನ ಗಡಿಯಾರದಲ್ಲಿ ಒಂಬತ್ತು. ರೋಗಿ ಹತ್ತಕ್ಕೆ ಬರುತ್ತಾರೆ, ಚೀಟಿಯಲ್ಲೂ ಹತ್ತೇ ಇದೆ. ಆಸ್ಪತ್ರೆಯ ಕಂಪ್ಯೂಟರು ಮಾತ್ರ ‘ನೀವು ಬರಲಿಲ್ಲ’ ಎಂದು ಒಂಬತ್ತೂಕಾಲಿಗೇ ಹೆಸರು ಹೊಡೆದುಹಾಕಿರುತ್ತದೆ.

ಇಲ್ಲಿ ಯಾರ ಲೆಕ್ಕವೂ ತಪ್ಪಿಲ್ಲ. ಬರೆದ ದಿನ 15:00 ಸರಿಯಾಗಿಯೇ ಇತ್ತು. ತಪ್ಪಿದ್ದು ಬರೆದಿಟ್ಟ ವಸ್ತುವಿನಲ್ಲಿ. ರೋಗಿ ಹೇಳಿದ್ದು ಹತ್ತು ಗಂಟೆ, ಮೆಕ್ಸಿಕೋ ಸಿಟಿಯ ಹತ್ತು ಗಂಟೆ. 15:00 ಎಂಬುದು ಆ ಮಾತಿನ ಮೇಲೆ ನಾವು ಮಾಡಿದ ಊಹೆ: ಸರ್ಕಾರ ತನ್ನ ಮನಸ್ಸು ಬದಲಾಯಿಸುವುದಿಲ್ಲ ಎಂಬ ಊಹೆ. ಊಹೆಯನ್ನು ಉಳಿಸಿಕೊಂಡು ಮಾತನ್ನು ಅಳಿಸಿದ್ದು ದಾಖಲೆಗೆ ಮಾಡಿದ ಅಪಚಾರ. ಹತ್ತು ಗಂಟೆ ಮತ್ತು ಸಮಯ ವಲಯದ ಹೆಸರು ಎರಡನ್ನೂ ಇದ್ದಂತೆ ಬರೆದಿಡಬೇಕು. ಹುಡುಕಲು, ಜೋಡಿಸಲು, ನೆನಪೋಲೆ ಕಳಿಸಲು ಯುಟಿಸಿ ಬೇಕೇ ಬೇಕು, ಅದನ್ನು ಪಕ್ಕದ ಕಾಲಂನಲ್ಲಿ ಲೆಕ್ಕ ಹಾಕಿಟ್ಟುಕೊಳ್ಳಿ. ಟೈಮ್ ಝೋನ್ ಡೇಟಾಬೇಸಿನ ಹೊಸ ಆವೃತ್ತಿ ಬಂದಾಗ ಮುಂದಿನ ದಿನಗಳ ಸಾಲುಗಳಿಗೆ ಆ ಲೆಕ್ಕವನ್ನು ಹೊಸದಾಗಿ ಹಾಕಿ. ಮೂಲ ಕೈಯಲ್ಲಿದ್ದರೆ ಲೆಕ್ಕವನ್ನು ಎಷ್ಟು ಸಲ ಬೇಕಾದರೂ ತಿದ್ದಬಹುದು.

ಇಷ್ಟು ಅಪರೂಪದ ಸಂಗತಿಗೆ ಇಷ್ಟೊಂದು ಸಂಭ್ರಮವೇ ಎಂದು ಕೇಳುವವರಿದ್ದಾರೆ. ಅಪರೂಪವಲ್ಲ. 2022 ಒಂದರಲ್ಲೇ ಆ ಡೇಟಾಬೇಸಿನ ಏಳು ಆವೃತ್ತಿಗಳು ಬಂದವು. ಜೋರ್ಡಾನ್, ಸಿರಿಯಾಗಳು ಆ ವರ್ಷ ಗಡಿಯಾರ ತಿರುಗಿಸುವುದನ್ನು ನಿಲ್ಲಿಸಿದವು. 2014ರ ನಂತರ ಬಿಟ್ಟಿದ್ದನ್ನು ಈಜಿಪ್ಟ್ 2023ರಲ್ಲಿ ಮತ್ತೆ ತಂದಿತು. ಕಜಕಸ್ತಾನ 2024ರ ಮಾರ್ಚ್ 1ರಂದು ತನ್ನ ಎರಡು ವಲಯಗಳನ್ನು ಒಂದು ಮಾಡಿತು. ಮೊರಾಕ್ಕೊ 2018ರಲ್ಲಿ ಎರಡೇ ದಿನದ ಮುನ್ಸೂಚನೆ ಕೊಟ್ಟು ಚಳಿಗಾಲದ ಬದಲಾವಣೆಯನ್ನು ಕೈಬಿಟ್ಟಿತು. 2011ರ ಡಿಸೆಂಬರ್ 30 ಸಮೋವಾದ ಕ್ಯಾಲೆಂಡರಿನಲ್ಲೇ ಇಲ್ಲ, ದಿನರೇಖೆಯ ಆಚೆ ಬದಿಗೆ ಜಿಗಿಯಲು ದೇಶ ಇಡೀ ಒಂದು ಶುಕ್ರವಾರವನ್ನು ಬಿಟ್ಟುಕೊಟ್ಟಿತು. ವ್ಯಾಪಾರ, ಚುನಾವಣೆ, ಉಪವಾಸ, ವಿದ್ಯುತ್ ಉಳಿತಾಯ, ರಾಷ್ಟ್ರಾಭಿಮಾನ ಹೀಗೆ ಕಾರಣಗಳು ನೂರು. ಗಡಿಯಾರದ ಮುಳ್ಳನ್ನು ಹಿಡಿದಿರುವುದು ಸೂರ್ಯನಲ್ಲ, ಸಚಿವ ಸಂಪುಟ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ವಲಯದ ಹೆಸರಿಟ್ಟರೆ ಅದು ಯಾರ ವಲಯ? ನ್ಯೂಯಾರ್ಕಿನ ಬೆಳಿಗ್ಗೆ ಒಂಬತ್ತರ ಸಭೆ ಬೇಸಿಗೆಯಲ್ಲಿ ಬೆಂಗಳೂರಿನ ಸಂಜೆ ಆರೂವರೆಗೆ, ನವೆಂಬರ್ ಬಂತೆಂದರೆ ಏಳೂವರೆಗೆ. ಮಾರತ್‌ಹಳ್ಳಿಯ ಬಾಡಿಗೆ ಮನೆಗಳಲ್ಲಿ ರಾತ್ರಿಯ ಅಡುಗೆ ಹೊತ್ತು ಬದಲಾಗುವುದು ವಾಷಿಂಗ್ಟನ್ನಿನಲ್ಲಿ ಮಾಡಿದ ಕಾನೂನಿನಿಂದ. ಲಂಡನ್ನಿನವರೂ ಸೇರಿದರೆ ಇನ್ನೊಂದು ತೊಡಕು. ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ತಿರುಗಿಸಿದರೆ ಬ್ರಿಟನ್ನು, ಯುರೋಪು ಕೊನೆಯ ಭಾನುವಾರದವರೆಗೆ ಕಾಯುತ್ತವೆ. ನಡುವಿನ ಎರಡು ಮೂರು ವಾರ ಲಂಡನ್ನಿನವರಿಗೆ ಸಭೆ ಎರಡು ಗಂಟೆಗಲ್ಲ, ಒಂದಕ್ಕೆ. ಊಟದ ಹೊತ್ತು. ಈ ಸಭೆಯ ಯಜಮಾನರು ನ್ಯೂಯಾರ್ಕಿನವರು, ಉಳಿದವರು ಅವರ ಗಡಿಯಾರಕ್ಕೆ ಹೊಂದಿಕೊಳ್ಳಬೇಕು ಎಂದು ಯಾರಾದರೂ ಹೇಳಬೇಕಾಗುತ್ತದೆ. ಅದನ್ನು ಪ್ರೋಗ್ರಾಮರ್ ತೀರ್ಮಾನಿಸಲಾರರು, ಸಭೆ ಕರೆದವರೇ ಹೇಳಬೇಕು. ಯುಟಿಸಿಯಲ್ಲಿ ಬರೆದಿಟ್ಟರೆ ಈ ಪ್ರಶ್ನೆ ತಪ್ಪುತ್ತದೆ ಎಂದು ತಿಳಿದವರು ಅದನ್ನು ಉತ್ತರಿಸದೆ ಮುಚ್ಚಿಟ್ಟಿದ್ದಾರೆ, ಅಷ್ಟೆ. ಆಗಲೂ ಉತ್ತರವೊಂದು ತಾನಾಗಿ ಹುಟ್ಟುತ್ತದೆ: ಗಡಿಯಾರ ತಿರುಗಿಸದ ನಾವೇ ಯಜಮಾನರಾಗುತ್ತೇವೆ, ನ್ಯೂಯಾರ್ಕಿನವರು ನವೆಂಬರಿನಲ್ಲಿ ಎಂಟು ಗಂಟೆಗೆ ಬರಬೇಕಾಗುತ್ತದೆ. ಅದನ್ನು ಅವರಿಗೆ ಹೇಳಿದವರು ಯಾರು?

ಎರಡು ಬಗೆಯ ಹೊತ್ತುಗಳಿವೆ ಎಂಬ ತಿಳಿವಳಿಕೆ ನಮ್ಮ ಪಂಚಾಂಗ ಮಾಡುವವರಿಗೆ ಹೊಸದಲ್ಲ. ಸೂರ್ಯ ಚಂದ್ರರ ಅಂತರ 12 ಡಿಗ್ರಿ ಬೆಳೆದಾಗ ಒಂದು ತಿಥಿ ಮುಗಿಯುತ್ತದೆ. ಆ ಕ್ಷಣ ಇಡೀ ಭೂಮಿಗೆ ಒಂದೇ. ರಾಹುಕಾಲ ಹಾಗಲ್ಲ, ಆಯಾ ಊರಿನ ಹಗಲನ್ನು ಎಂಟು ಪಾಲು ಮಾಡಿ ಎಣಿಸುವಂಥದ್ದು. ಬೆಂಗಳೂರಿನಲ್ಲಿ ಬೆಳಿಗ್ಗೆ ಏಳಕ್ಕೆ ದಶಮಿ ಮುಗಿದರೆ ನ್ಯೂಜೆರ್ಸಿಯಲ್ಲಿ ಆಗ ಹಿಂದಿನ ದಿನದ ರಾತ್ರಿ. ಸೂರ್ಯೋದಯಕ್ಕೆ ಇರುವ ತಿಥಿಯನ್ನು ಹಿಡಿಯುವವರಿಗೆ ಅಲ್ಲಿ ಅದೇ ತಾರೀಕು ಏಕಾದಶಿ, ಇಲ್ಲಿ ಮರುದಿನ. ಊರಿನಿಂದ ಅಮ್ಮ ಫೋನಿನಲ್ಲಿ ಹೇಳಿದ ದಿನ ಉಪವಾಸ ಮಾಡಬೇಕೋ ಅಲ್ಲಿನ ದೇವಸ್ಥಾನ ಹೇಳಿದ ದಿನವೋ ಎಂದು ಅಮೆರಿಕದ ಕನ್ನಡ ಮನೆಗಳಲ್ಲಿ ಆಗುವ ಚರ್ಚೆಗೆ ಕಾರಣ ಇದೇ. ಬೆಂಗಳೂರಿನಿಂದ ಒಯ್ದ ಗೋಡೆ ಕ್ಯಾಲೆಂಡರಿನ ರಾಹುಕಾಲವನ್ನು ಡಲ್ಲಾಸಿನಲ್ಲಿ ನೋಡುವವರಂತೂ ಬೇಸಿಗೆಯ ಆ ಒಂದು ಗಂಟೆಯನ್ನೂ ಮರೆತು ತಪ್ಪುತ್ತಾರೆ. ಯಾವುದು ಎಲ್ಲರಿಗೂ ಒಂದೇ, ಯಾವುದು ಊರಿಗೆ ಕಟ್ಟುಬಿದ್ದದ್ದು ಎಂಬ ವಿವೇಕವಿಲ್ಲದೆ ಪಂಚಾಂಗ ಬರೆಯಲಾಗದು. ಡೇಟಾಬೇಸಿನ ಕಾಲಂ ಬರೆಯುವವರು ಅದಿಲ್ಲದೆಯೂ ನಡೆಸಿಕೊಂಡು ಹೋಗುತ್ತಿದ್ದಾರೆ.

ನಮ್ಮಲ್ಲಿ ಈ ಅಜಾಗರೂಕತೆ ಬೇರೂರಲು ಕಾರಣ ಊಹಿಸುವುದು ಕಷ್ಟವಲ್ಲ. ಇಡೀ ದೇಶಕ್ಕೆ ಒಂದೇ ಗಡಿಯಾರ, ಅದೂ ತಿರುಗಿಸುವ ಗೋಜಿಲ್ಲದ್ದು. ಆದರೆ ಈ ಒಂದು ಗಡಿಯಾರ ಆಕಾಶದಿಂದ ಇಳಿದದ್ದಲ್ಲ. 1906ರಲ್ಲಿ ಬಂದ ಭಾರತೀಯ ಪ್ರಮಾಣ ಸಮಯವನ್ನು (ಐಎಸ್‌ಟಿ) ಕಲ್ಕತ್ತ 1948ರವರೆಗೆ, ಬೊಂಬಾಯಿ 1955ರವರೆಗೆ ಪೂರ್ತಿ ಒಪ್ಪಿರಲಿಲ್ಲ. ಅಸ್ಸಾಮಿನ ಚಹಾ ತೋಟಗಳು ಇಂದಿಗೂ ಒಂದು ಗಂಟೆ ಮುಂದಿರುವ ತಮ್ಮದೇ ಬಾಗಾನ್ ಸಮಯ ಇಟ್ಟುಕೊಂಡಿವೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಸಂಶೋಧಕರು ವಿದ್ಯುತ್ ಉಳಿತಾಯಕ್ಕಾಗಿ ಐಎಸ್‌ಟಿಯನ್ನು ಅರ್ಧ ಗಂಟೆ ಮುಂದಕ್ಕೆ ತಳ್ಳಬೇಕೆಂದು 2007ರಲ್ಲಿ ವಾದಿಸಿದರು. 2018ರಲ್ಲಿ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ ಈಶಾನ್ಯಕ್ಕೆ ಬೇರೆಯೇ ವಲಯ ಬೇಕೆಂದು ಪ್ರಸ್ತಾಪ ಮುಂದಿಟ್ಟಿತು. ಸರ್ಕಾರ ಎರಡನ್ನೂ ಒಪ್ಪಿಲ್ಲ. ಮುಂದೆಂದೋ ಮೊದಲನೆಯದನ್ನು ಒಪ್ಪಿದರೆ 330 ಎಂದು ಬರೆದ ಪ್ರತಿ ಪ್ರೋಗ್ರಾಮೂ ಆ ರಾತ್ರಿಯೇ ಕೆಡುತ್ತದೆ. ಎರಡನೆಯದನ್ನು ಒಪ್ಪಿದರೆ ‘ಏಷ್ಯಾ/ಕೋಲ್ಕತಾ’ ಎಂದು ಜಾಣತನದಿಂದ ಬರೆದಿಟ್ಟವರಿಗೂ ಗುವಾಹಟಿಯ ಗ್ರಾಹಕರು ಯಾರೆಂದು ಗೊತ್ತಾಗುವುದಿಲ್ಲ. ವಲಯದ ಜೊತೆಗೆ ಊರನ್ನೂ ಬರೆದಿಟ್ಟವರು ಮಾತ್ರ ಪಾರು.

ಡೇಟಾಬೇಸ್ ಕಂಪನಿಗಳು ಇದನ್ನೆಲ್ಲ ನೋಡಿಕೊಳ್ಳುತ್ತವೆ ಎಂಬ ಭರವಸೆಯೂ ಬೇಡ. ಪೋಸ್ಟ್‌ಗ್ರೆಸ್‌ನ ‘ಟೈಮ್‌ಸ್ಟ್ಯಾಂಪ್ ವಿತ್ ಟೈಮ್ ಝೋನ್’ ಕಾಲಂ ನೀವು ಕೊಟ್ಟ ವಲಯವನ್ನು ಯುಟಿಸಿಗೆ ತಿರುಗಿಸಲು ಬಳಸಿಕೊಂಡು ಆಮೇಲೆ ಬಿಸಾಡುತ್ತದೆ. ಮೈಎಸ್‌ಕ್ಯೂಎಲ್‌ನ ‘ಟೈಮ್‌ಸ್ಟ್ಯಾಂಪ್’ ಆ ಸಂಪರ್ಕಕ್ಕೆ ಯಾವ ವಲಯ ಹೊಂದಿಸಿದೆಯೋ ಅದನ್ನು ನೋಡಿ ತಿರುಗಿಸುತ್ತದೆ, ಎರಡು ಸರ್ವರುಗಳ ಹೊಂದಿಕೆ ಬೇರೆಯಿದ್ದರೆ ಒಂದೇ ಹೊತ್ತು ಎರಡಾಗಿ ಕೂರುತ್ತದೆ. ಸಾಲದ್ದಕ್ಕೆ ಅದರ ಆಯುಸ್ಸು 2038ರ ಜನವರಿ 19ರವರೆಗೆ ಮಾತ್ರ. ಈಗ ಇಪ್ಪತ್ತು ವರ್ಷದ ಗೃಹಸಾಲ ತೆಗೆದವರ ಕೊನೆಯ ಕಂತನ್ನು ಅದರಲ್ಲಿ ಬರೆಯಲೂ ಆಗದು. ಎಸ್‌ಕ್ಯೂಎಲ್ ಸರ್ವರಿನಲ್ಲಿ ಯುಟಿಸಿಗಿಂತ ಎಷ್ಟು ಗಂಟೆ ವ್ಯತ್ಯಾಸ ಎಂಬುದನ್ನು ಉಳಿಸುವ ಕಾಲಂ ಇದೆ, ಆದರೆ ವ್ಯತ್ಯಾಸ ಗೊತ್ತಿದ್ದ ಮಾತ್ರಕ್ಕೆ ನಿಯಮ ಗೊತ್ತಾಗುವುದಿಲ್ಲ: ಯುಟಿಸಿಗಿಂತ ಏಳು ಗಂಟೆ ಹಿಂದೆ ಎಂದರೆ ಜುಲೈನಲ್ಲಿ ಲಾಸ್ ಏಂಜಲೀಸೂ ಆಗಬಹುದು, ಗಡಿಯಾರ ತಿರುಗಿಸದ ಫೀನಿಕ್ಸೂ ಆಗಬಹುದು. ಅವೆರಡರ ಡಿಸೆಂಬರ್ ಬೇರೆ ಬೇರೆ. ವಲಯದ ಹೆಸರಿಗೆ ಬೇಕಾಗುವುದು ಸಾಲೊಂದಕ್ಕೆ ಹತ್ತಿಪ್ಪತ್ತು ಅಕ್ಷರದ ಜಾಗ. ಅಷ್ಟಕ್ಕೆ ಜಿಪುಣತನ ಮಾಡುವ ಕಾಲ ಇದಲ್ಲ.

2019ರ ಮಾರ್ಚ್‌ನಲ್ಲಿ ಯುರೋಪಿಯನ್ ಪಾರ್ಲಿಮೆಂಟು 2021ರಿಂದ ಗಡಿಯಾರ ತಿರುಗಿಸುವುದನ್ನು ಕೈಬಿಡಬೇಕೆಂದು ಮತ ಹಾಕಿತು. 2021 ಬಂತು, ಹೋಯಿತು. ಸದಸ್ಯ ರಾಷ್ಟ್ರಗಳು ಒಮ್ಮತಕ್ಕೆ ಬರಲಿಲ್ಲ. ಅಮೆರಿಕದ ಸೆನೆಟ್ 2022ರ ಮಾರ್ಚ್‌ನಲ್ಲಿ ಅಂಥದ್ದೇ ಮಸೂದೆಯನ್ನು ಒಪ್ಪಿದರೂ ಕೆಳಮನೆ ಅದನ್ನು ಅಂಗೀಕರಿಸಲಿಲ್ಲ. ಇವುಗಳಲ್ಲಿ ಯಾವುದು ಯಾವ ವರ್ಷ ಮತ್ತೆ ಎದ್ದು ಕೂರುತ್ತದೋ ಯಾರೂ ಹೇಳಲಾರರು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಕುಳಿತು ಆ ದೇಶಗಳ ಆಸ್ಪತ್ರೆ, ಹೋಟೆಲು, ಬ್ಯಾಂಕುಗಳ ಟೇಬಲ್‌ಗಳನ್ನು ನೋಡಿಕೊಳ್ಳುವವರಲ್ಲಿ ನನ್ನ ಕೋರಿಕೆ ಇಷ್ಟೇ. ಇಂದಿನಿಂದ ಮುಂದಿನ ತಾರೀಕಿರುವ ಸಾಲುಗಳನ್ನು ಒಮ್ಮೆ ತೆರೆದು ನೋಡಿ. ಅವುಗಳಲ್ಲಿ ಎಷ್ಟರಲ್ಲಿ ಗ್ರಾಹಕರು ಹೇಳಿದ ಗಂಟೆ ಮತ್ತು ಊರು ಇದೆ, ಎಷ್ಟರಲ್ಲಿ ಬರೀ ಯುಟಿಸಿ ಇದೆ ಎಂದು ಎಣಿಸಿ. ಎರಡನೆಯವುಗಳಿಗೆ ಈಗಿನ ನಿಯಮ ಇರುವಾಗಲೇ ಗಂಟೆಯನ್ನು ಹಿಂದಕ್ಕೆ ಲೆಕ್ಕ ಹಾಕಿ ಊರಿನ ಸಮೇತ ತುಂಬಿಡಿ. ನಿಯಮ ಬದಲಾದ ಮೇಲೆ ಯಾವ ಸಾಲನ್ನು ಹಳೆಯ ನಿಯಮದಿಂದ ತಿರುಗಿಸಿದ್ದು, ಯಾವುದನ್ನು ಹೊಸದರಿಂದ ಎಂದು ಬೇರ್ಪಡಿಸಲು ಬರೀ ಯುಟಿಸಿಯಿಂದ ಸಾಧ್ಯವಿಲ್ಲ.